ಹಾಡಲು ಬಾರದವರು ಸಂಗೀತ ಕಂಪನಿ ಕಟ್ಟಬಹುದೇ? ಡೇವಿಡ್ ಗೆಫೆನ್ ನಡೆದ ದಾರಿ

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ಹಾಡಲು ಬಾರದು, ವಾದ್ಯ ಬಾರದು, ಪದವಿ ಅರ್ಧಕ್ಕೇ ನಿಂತಿದೆ. ಆದರೂ ಸಂಗೀತ ಮತ್ತು ಸಿನಿಮಾ ವ್ಯವಹಾರದಲ್ಲೇ ಬದುಕು ಕಟ್ಟಿಕೊಳ್ಳಬೇಕೆಂಬ ಆಸೆ. ಅಮೆರಿಕದ ಡೇವಿಡ್ ಗೆಫೆನ್ ಟಪಾಲು ವಿಂಗಡಿಸುವ ಕೆಲಸದಿಂದ ಶುರು ಮಾಡಿ ಹಾಲಿವುಡ್ಡಿನ ಅತಿ ಶ್ರೀಮಂತರಲ್ಲಿ ಒಬ್ಬರಾದರೆಂದು ಓದಿದೆ. ಅದಕ್ಕೆ ಕಾರಣ ಅದೃಷ್ಟವೇ, ಸಂಗೀತದ ಒಳ್ಳೆಯ ಕಿವಿಯೇ, ಜಾಣತನವೇ? ಈಗ ನನ್ನ ಮುಂದೆ ಎರಡು ಅವಕಾಶಗಳಿವೆ. ಒಂದು, ದೊಡ್ಡ ಸಂಗೀತ ಕಂಪನಿಯೊಂದರ ಒಪ್ಪಂದ ವಿಭಾಗದಲ್ಲಿ ಗುಮಾಸ್ತನ ಕೆಲಸ. ಇನ್ನೊಂದು, ಗೆಳೆಯ ತೆರೆಯುತ್ತಿರುವ ಸಣ್ಣ ಲೇಬಲ್‌ನಲ್ಲಿ, ಎಂದರೆ ಹಾಡುಗಳನ್ನು ಹೊರತರುವ ಕಂಪನಿಯಲ್ಲಿ, ಪಾಲುದಾರಿಕೆ. ಗೆಫೆನ್ ಅವರ ಜೀವನ ನೋಡಿದರೆ ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಅದೃಷ್ಟ ಇತ್ತು, ಜಾಣತನವೂ ಧಾರಾಳವಾಗಿತ್ತು. ಕಿವಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಆದರೆ ಸಂಗೀತದ ಒಪ್ಪಂದಪತ್ರಗಳನ್ನು ಓದುವುದನ್ನೇ ಕಸುಬಾಗಿ ಮಾಡಿಕೊಂಡ ನನಗೆ ಗೆಫೆನ್ ಅವರ ವೃತ್ತಿಜೀವನದಲ್ಲಿ ಎದ್ದು ಕಾಣುವುದು ಬೇರೆಯೇ ಸಂಗತಿ. ಈ ವ್ಯವಹಾರದಲ್ಲಿ ದುಡ್ಡು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅವರು ಬಹಳ ಬೇಗ ಕಂಡುಕೊಂಡರು. ಆಮೇಲೆ ಪ್ರತಿಯೊಂದು ಒಪ್ಪಂದದಲ್ಲೂ ಆ ಜಾಗಕ್ಕೆ ಒಂದು ಹೆಜ್ಜೆ ಹತ್ತಿರ ಹೋದರು. ಮೊದಲು ಬೇರೆಯವರ ಗಳಿಕೆಯಲ್ಲಿ ಕಮಿಷನ್, ಆಮೇಲೆ ಹಕ್ಕಿನಲ್ಲಿ ಅರ್ಧ ಪಾಲು, ಕೊನೆಗೆ ಇಡೀ ಕಂಪನಿಯ ಒಡೆತನ. ನಿಮ್ಮ ಎರಡು ಅವಕಾಶಗಳ ಪ್ರಶ್ನೆಗೆ ಉತ್ತರ ಇದರೊಳಗೇ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಗೆಫೆನ್ ಹುಟ್ಟಿದ್ದು 1943ರ ಫೆಬ್ರವರಿ 21ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ವಲಸೆ ಬಂದ ಯೆಹೂದಿ ದಂಪತಿಗೆ. ತಾಯಿ ಬಾತ್ಯಾ ಹೆಂಗಸರ ಒಳ ಉಡುಪಿನ ಅಂಗಡಿ ನಡೆಸಿ ಸಂಸಾರ ಸಾಗಿಸಿದವರು. ವ್ಯಾಪಾರದ ಮೊದಲ ಪಾಠ ತಾಯಿಯಿಂದಲೇ ಎಂದು ಗೆಫೆನ್ ಹೇಳಿಕೊಂಡಿದ್ದಾರೆ. ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೂ ಬ್ರೂಕ್ಲಿನ್ ಕಾಲೇಜಿಗೂ ಸೇರಿದರು. ಪದವಿ ಎರಡು ಕಡೆಯೂ ಕೈಗೂಡಲಿಲ್ಲ.

1964ರಲ್ಲಿ ವಿಲಿಯಂ ಮಾರಿಸ್ ಏಜೆನ್ಸಿಯ ನ್ಯೂಯಾರ್ಕ್ ಕಚೇರಿಯ ಟಪಾಲು ಕೋಣೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ನಟರು, ಗಾಯಕರು, ಲೇಖಕರ ಪರವಾಗಿ ಮಾತುಕತೆ ನಡೆಸಿ ಕಮಿಷನ್ ಪಡೆಯುವ ಹಳೆಯ, ದೊಡ್ಡ ಸಂಸ್ಥೆ ಅದು. ಟಪಾಲು ಕೋಣೆ ಅಲ್ಲಿ ತರಬೇತಿ ಶಾಲೆಯೂ ಆಗಿತ್ತು. ಪದವಿ ಇದ್ದವರಿಗಷ್ಟೇ ಪ್ರವೇಶ ಎಂಬ ಕಾರಣಕ್ಕೆ ಗೆಫೆನ್ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಓದಿದ್ದೇನೆಂದು ಅರ್ಜಿಯಲ್ಲಿ ಸುಳ್ಳು ಬರೆದರು. ಹಾಗೆಯೇ ಸುಳ್ಳು ಹೇಳಿದ ಇನ್ನೊಬ್ಬ ನೌಕರ ಕೆಲಸ ಕಳೆದುಕೊಂಡಾಗ ಇವರಿಗೆ ಭಯ ಹತ್ತಿತು. ದಿನವೂ ಎಲ್ಲರಿಗಿಂತ ಮೊದಲು ಬಂದು ಟಪಾಲು ಚೀಲ ಜಾಲಾಡಿ, ವಿಶ್ವವಿದ್ಯಾಲಯದ ಪತ್ರ ಬಂದ ದಿನ ಅದನ್ನು ತೆಗೆದು ಅದರ ಜಾಗದಲ್ಲಿ ತಾವೇ ಮಾಡಿಸಿದ ನಕಲಿ ಪತ್ರವಿಟ್ಟರು. ಇದು ಯಾರೋ ಹಬ್ಬಿಸಿದ ಕಥೆಯಲ್ಲ, ಗೆಫೆನ್ ತಾವೇ ಮತ್ತೆ ಮತ್ತೆ ಹೇಳಿದ್ದು. ಅವರ ಕುರಿತ ಬರಹಗಳೆಲ್ಲ ಈ ಪ್ರಸಂಗವನ್ನು ಸಾಹಸವೆಂಬಂತೆ ಮೆಚ್ಚಿ ಬರೆಯುತ್ತವೆ. ನನಗೆ ಅದು ಮೆಚ್ಚುವಂಥದ್ದಾಗಿ ಎಂದೂ ಕಂಡಿಲ್ಲ. ಪದವಿ ಇಲ್ಲ ಎಂದು ನೀವು ಬರೆದಿರುವುದರಿಂದ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಈ ಒಂದು ವಿಷಯದಲ್ಲಿ ಅವರನ್ನು ಅನುಸರಿಸಬೇಡಿ. ಇದು ಹಕ್ಕುಪತ್ರಗಳ ಮೇಲೆ, ಸಹಿಗಳ ಮೇಲೆ ನಡೆಯುವ ವ್ಯವಹಾರ. ದಾಖಲೆ ತಿದ್ದಿದವನೆಂಬ ಹೆಸರು ಬಂದರೆ ಕಲಾವಿದ ಅಂಥವನ ಮುಂದೆ ಸಹಿ ಹಾಕುವುದಿಲ್ಲ.

ಮೆಚ್ಚಬೇಕಾದದ್ದು ಟಪಾಲು ಕೋಣೆಯಲ್ಲಿ ಅವರು ಮಾಡಿದ ಇನ್ನೊಂದು ಕೆಲಸ. ತಮ್ಮ ಕೈಮೇಲೆ ಹಾದುಹೋಗುವ ಕಾಗದವನ್ನೆಲ್ಲ ಓದಿದರು. ಯಾವ ಗಾಯಕನಿಗೆ ಎಷ್ಟು ಮುಂಗಡ, ಯಾವ ಷರತ್ತಿಗೆ ಯಾರು ತಕರಾರು ತೆಗೆದರು, ಮೊದಲು ಎಷ್ಟು ಕೇಳಿ ಕೊನೆಗೆ ಎಷ್ಟಕ್ಕೆ ಒಪ್ಪಿದರು, ಎಲ್ಲವೂ ಆ ಪತ್ರಗಳಲ್ಲಿತ್ತು. ಏಜೆಂಟರು ದಿನವಿಡೀ ಮಾಡುವುದು ಫೋನಿನಲ್ಲಿ ಮಾತನಾಡುವುದನ್ನು, ಅದು ತಮಗೂ ಬರುತ್ತದೆ ಎಂಬ ಧೈರ್ಯ ಹುಟ್ಟಿದ್ದೂ ಅಲ್ಲೇ. ಮುಂದೆ ಅವರ ವ್ಯವಹಾರದ ಜೊತೆಗಾರರಾದ ಎಲಿಯಟ್ ರಾಬರ್ಟ್ಸ್ ಪರಿಚಯವಾದದ್ದೂ ಅದೇ ಸಂಸ್ಥೆಯಲ್ಲಿ.

ಅಲ್ಲಿ ಅವರಿಗೆ ಒಂದು ಬೆಲೆಬಾಳುವ ಬುದ್ಧಿಮಾತು ಸಿಕ್ಕಿತು. ಸಿನಿಮಾ ಮತ್ತು ಟೆಲಿವಿಷನ್‌ನ ದೊಡ್ಡವರ ಹಿಂದೆ ಓಡಬೇಕೆಂದಿದ್ದ ಗೆಫೆನ್‌ಗೆ ಸಂಗೀತ ವಿಭಾಗದ ಜೆರ್ರಿ ಬ್ರಾಂಟ್, ಹೆಸರಾಂತ ನಿರ್ದೇಶಕರು ಇಪ್ಪತ್ತರ ಹುಡುಗನ ಕೈಗೆ ತಮ್ಮ ವ್ಯವಹಾರ ಕೊಡುವುದಿಲ್ಲ, ನಿನ್ನ ವಯಸ್ಸಿನವರ ಜೊತೆ ಕೆಲಸ ಮಾಡು ಎಂಬರ್ಥದಲ್ಲಿ ಹೇಳಿದರು. 1960ರ ದಶಕದ ನಡುವಿನಲ್ಲಿ ಆ ವಯಸ್ಸಿನವರು ಮಾಡುತ್ತಿದ್ದದ್ದು ರಾಕ್ ಸಂಗೀತ. ನೀವು ಅದೃಷ್ಟ ಎಂದು ಕೇಳಿದಿರಲ್ಲ, ಅದು ಇಲ್ಲಿದೆ. ಮುಂದಿನ ಹತ್ತು ವರ್ಷಗಳಲ್ಲಿ ಅಮೆರಿಕದ ಆಲ್ಬಂ ಮಾರುಕಟ್ಟೆ ಅದುವರೆಗೆ ಕಾಣದಷ್ಟು ಬೆಳೆಯಿತು. ಆ ಹೊತ್ತಿಗೆ ಸರಿಯಾಗಿ, ಸರಿಯಾದ ವಯಸ್ಸಿನಲ್ಲಿ, ಸರಿಯಾದ ಕಚೇರಿಯಲ್ಲಿ ಇದ್ದದ್ದು ಯಾರ ಯೋಜನೆಯೂ ಅಲ್ಲ.

ಅವರ ಮೊದಲ ದೊಡ್ಡ ಹಣ ಬಂದದ್ದು ಲಾರಾ ನೀರೋ ಎಂಬ ಯುವ ಗಾಯಕಿ, ಗೀತರಚನೆಕಾರ್ತಿಯಿಂದ. ಇದನ್ನು ಅರ್ಥಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ, ಆದ್ದರಿಂದ ಇಲ್ಲಿ ನಿಲ್ಲೋಣ.

ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿವೆ. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು. ಅದರ ಹಕ್ಕನ್ನು ನೋಡಿಕೊಳ್ಳುವುದು ಪ್ರಕಾಶನ ಸಂಸ್ಥೆ. ಸ್ಟುಡಿಯೊದಲ್ಲಿ ಹಾಡಿ ದಾಖಲಿಸಿದ ಧ್ವನಿಮುದ್ರಣ ಇನ್ನೊಂದು. ಅದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯದ್ದು, ಇದನ್ನು ಮಾಸ್ಟರ್ ಎನ್ನುತ್ತಾರೆ. ಯಾರು ಹಾಡಿದರೂ, ಯಾವ ಕಂಪನಿ ಹೊರತಂದರೂ, ಸಂಯೋಜನೆಯ ಒಡೆಯನಿಗೆ ಪಾಲು ಸಲ್ಲಬೇಕು. ಆ ಕಾಲದ ಅಮೆರಿಕದ ಕಾನೂನಿನ ಪ್ರಕಾರ ಮಾರಾಟವಾದ ಪ್ರತಿಯೊಂದು ಪ್ರತಿಯ ಮೇಲೆ ಒಂದು ಹಾಡಿಗೆ 2 ಸೆಂಟ್. 1909ರಿಂದ 1970ರ ದಶಕದ ಕೊನೆಯವರೆಗೂ ಇದೇ ದರ. ರೇಡಿಯೊದಲ್ಲಿ ಹಾಡು ಪ್ರಸಾರವಾದಾಗ ಅಲ್ಲಿನ ಕೇಂದ್ರಗಳು ಸಂಯೋಜಕರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ.

ಲಾರಾ ನೀರೋ ತಾವೇ ಹಾಡಿದ ಆಲ್ಬಂಗಳು ಸಾಧಾರಣವಾಗಿ ಮಾರಾಟವಾದವು. ಅವರು ಬರೆದ ಹಾಡುಗಳನ್ನು ಬೇರೆಯವರು ಹಾಡಿದಾಗ ಕಥೆಯೇ ಬದಲಾಯಿತು. ಫಿಫ್ತ್ ಡೈಮೆನ್ಷನ್, ಬ್ಲಡ್ ಸ್ವೆಟ್ ಅಂಡ್ ಟಿಯರ್ಸ್, ತ್ರೀ ಡಾಗ್ ನೈಟ್, ಬಾರ್ಬ್ರಾ ಸ್ಟ್ರೈಸಾಂಡ್, ಎಲ್ಲರೂ ಅವರ ಹಾಡುಗಳನ್ನು ಹಾಡಿ ಗೆದ್ದರು. ಗೆಫೆನ್ ಅವರ ಮ್ಯಾನೇಜರ್. ಬರಿಯ ಮ್ಯಾನೇಜರ್ ಆಗಿದ್ದರೆ ವಾಡಿಕೆಯಂತೆ ಶೇಕಡ 15ರಿಂದ 20 ಕಮಿಷನ್ ಸಿಗುತ್ತಿತ್ತು, ಅದೂ ಗಾಯಕಿ ಅವರನ್ನು ಇಟ್ಟುಕೊಂಡಷ್ಟು ಕಾಲ. ಅವರು ಗಾಯಕಿಯ ಜೊತೆ ಸೇರಿ ಟ್ಯೂನಾ ಫಿಶ್ ಮ್ಯೂಸಿಕ್ ಎಂಬ ಪ್ರಕಾಶನ ಸಂಸ್ಥೆ ತೆರೆದರು, ಅರ್ಧ ಅರ್ಧ ಪಾಲಿನಲ್ಲಿ. 1969ರಲ್ಲಿ ಅದನ್ನು ದೊಡ್ಡ ಮಾಧ್ಯಮ ಕಂಪನಿ ಸಿಬಿಎಸ್‌ಗೆ ಸುಮಾರು 45 ಲಕ್ಷ ಡಾಲರ್ ಬೆಲೆಗೆ ಮಾರಿದರು. ಆಗ ಗೆಫೆನ್‌ಗೆ ಇಪ್ಪತ್ತಾರು ವರ್ಷ, ನಿಮ್ಮದೇ ವಯಸ್ಸು. ಒಂದು ಸ್ವರವನ್ನೂ ನುಡಿಸದೆ, ಒಂದು ಸಾಲನ್ನೂ ಬರೆಯದೆ, ಹಕ್ಕಿನ ಅರ್ಧ ಒಡೆಯರಾಗಿದ್ದರಿಂದ ಬಂದ ಹಣ ಅದು.

ಅದೇ ಕಾಲದಲ್ಲಿ ಅವರ ಇನ್ನೊಂದು ಶಕ್ತಿಯೂ ಹೊರಬಂತು. ರಾಕ್ ಗಾಯಕರಾದ ಡೇವಿಡ್ ಕ್ರಾಸ್ಬಿ, ಸ್ಟೀಫನ್ ಸ್ಟಿಲ್ಸ್, ಗ್ರಹಾಂ ನ್ಯಾಶ್ ಒಟ್ಟಿಗೆ ಹಾಡಬೇಕೆಂದಿದ್ದರು, ಆದರೆ ಸ್ಟಿಲ್ಸ್ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಒಪ್ಪಂದದಲ್ಲಿ, ನ್ಯಾಶ್ ಸಿಬಿಎಸ್‌ನ ಎಪಿಕ್ ಲೇಬಲ್‌ನ ಒಪ್ಪಂದದಲ್ಲಿ ಸಿಕ್ಕಿಕೊಂಡಿದ್ದರು. ಅಟ್ಲಾಂಟಿಕ್‌ಗೆ ಸೇರಿದ್ದ ರಿಚಿ ಫ್ಯೂರೇ ತಮ್ಮ ಹೊಸ ತಂಡದೊಂದಿಗೆ ಎಪಿಕ್‌ಗೆ ಹೋಗಲಿ, ಬದಲಿಗೆ ನ್ಯಾಶ್ ಅಟ್ಲಾಂಟಿಕ್‌ಗೆ ಬರಲಿ ಎಂದು ಗೆಫೆನ್ ಎರಡೂ ಕಡೆಯವರನ್ನು ಒಪ್ಪಿಸಿದರು. ಯಾವ ಕಂಪನಿಯೂ ಕೈಯಿಂದ ಹಣ ಬಿಚ್ಚಬೇಕಾಗಲಿಲ್ಲ, ಎರಡಕ್ಕೂ ಬೇಕಾದದ್ದು ಸಿಕ್ಕಿತು. ಎದುರಿಗೆ ಕುಳಿತವನಿಗೆ ನಿಜವಾಗಿ ಏನು ಬೇಕು ಎಂದು ಅವನಿಗಿಂತ ಮೊದಲು ಊಹಿಸುವ ಈ ಕಲೆಗೆ ಸಂಗೀತಜ್ಞಾನ ಬೇಕಿಲ್ಲ, ಆದರೆ ಎರಡೂ ಕಡೆಯ ಒಪ್ಪಂದಪತ್ರ ಬಾಯಿಪಾಠವಾಗಿರಬೇಕು.

ಅಟ್ಲಾಂಟಿಕ್‌ನ ಸ್ಥಾಪಕ ಅಹ್ಮೆತ್ ಎರ್ತೆಗುನ್ ಅವರಿಗೆ ಗೆಫೆನ್ ಎಂದರೆ ಅಭಿಮಾನ. ಜಾಕ್ಸನ್ ಬ್ರೌನ್ ಎಂಬ ಹುಡುಗನನ್ನು ಸೇರಿಸಿಕೊಳ್ಳಿ ಎಂದು ಗೆಫೆನ್ ಒತ್ತಾಯಿಸಿದಾಗ, ಅಷ್ಟು ನಂಬಿಕೆ ಇದ್ದರೆ ನೀನೇ ಕಂಪನಿ ತೆರೆ ಎಂದರು ಎರ್ತೆಗುನ್. ಹಾಗೆ 1971ರಲ್ಲಿ ಎಲಿಯಟ್ ರಾಬರ್ಟ್ಸ್ ಜೊತೆಗೂಡಿ ಅಸೈಲಮ್ ರೆಕಾರ್ಡ್ಸ್ ಹುಟ್ಟಿತು, ವಿತರಣೆ ಅಟ್ಲಾಂಟಿಕ್‌ನದ್ದು. ಬ್ರೌನ್, ಈಗಲ್ಸ್, ಜೋನಿ ಮಿಚೆಲ್, ಲಿಂಡಾ ರಾನ್‌ಸ್ಟಾಟ್, ಕೆಲಕಾಲ ಬಾಬ್ ಡಿಲನ್ ಕೂಡ ಅಲ್ಲಿದ್ದರು. ಕ್ಯಾಲಿಫೋರ್ನಿಯಾದ ಒಂದು ಇಡೀ ಪೀಳಿಗೆಯ ಸಂಗೀತ ಆ ಒಂದು ಸಣ್ಣ ಕಚೇರಿಯ ಸುತ್ತ ಕಟ್ಟಿಕೊಂಡಿತು.

ಮರುವರ್ಷವೇ, 1972ರಲ್ಲಿ, ಅವರು ಅಸೈಲಮ್ ಅನ್ನು ಸಂಗೀತ, ಸಿನಿಮಾ ಎರಡರಲ್ಲೂ ಇದ್ದ ವಾರ್ನರ್ ಕಮ್ಯುನಿಕೇಷನ್ಸ್‌ಗೆ 70 ಲಕ್ಷ ಡಾಲರಿಗೆ ಮಾರಿದರು. ಹೆಚ್ಚಿನ ಭಾಗ ವಾರ್ನರ್ ಷೇರುಗಳ ರೂಪದಲ್ಲಿ ಬಂತು, ಮುಂದಿನ ಎರಡು ವರ್ಷಗಳ ಷೇರುಪೇಟೆ ಕುಸಿತದಲ್ಲಿ ಆ ಷೇರುಗಳೂ ಇಳಿದವು. ಅವರ ಜೀವನದ ಅತಿ ದುಬಾರಿ ಆತುರ ಇದೆಂದು ನಾನು ಎಣಿಸುತ್ತೇನೆ. ಅಸೈಲಮ್ ಹೊರತಂದ ಈಗಲ್ಸ್‌ನ ಆಯ್ದ ಹಾಡುಗಳ ಸಂಕಲನ 1976ರಲ್ಲಿ ಬಂತು. ಅಮೆರಿಕದಲ್ಲಿ 2018ರಲ್ಲಿ ಅದಕ್ಕೆ 38 ಪಟ್ಟು ಪ್ಲಾಟಿನಂ ಮಾನ್ಯತೆ ಸಿಕ್ಕಿತು, ಎಂದರೆ 3 ಕೋಟಿ 80 ಲಕ್ಷ ಪ್ರತಿಗಳ ಲೆಕ್ಕ. ಆ ಒಂದು ಆಲ್ಬಂನ ಮುಂದೆ 70 ಲಕ್ಷ ಡಾಲರ್ ಏನೂ ಅಲ್ಲ. ಫಲ ಬಿಡುವ ಮೊದಲೇ ತೋಟ ಮಾರಿದಂತಾಯಿತು. ಆದರೆ ಗೆಫೆನ್ ಈ ಪಾಠವನ್ನು ಮರೆಯಲಿಲ್ಲ. ಮುಂದಿನ ಸಲ ಮಾರಿದಾಗ ಯಾವಾಗ ಮಾರಬೇಕು, ಯಾವ ರೂಪದಲ್ಲಿ ಹಣ ಪಡೆಯಬೇಕು ಎಂಬ ಎರಡೂ ಲೆಕ್ಕದಲ್ಲಿ ಅವರನ್ನು ಮೀರಿಸಿದವರಿಲ್ಲ.

ಇಲ್ಲಿ ಕಲಾವಿದರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅಸೈಲಮ್‌ನ ದಿನಗಳಲ್ಲಿ ಗೆಫೆನ್ ಒಂದೇ ಸಲಕ್ಕೆ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪಾಲುದಾರ, ರೆಕಾರ್ಡ್ ಕಂಪನಿಯ ಒಡೆಯ, ಪ್ರಕಾಶನ ಹಕ್ಕಿನ ಪಾಲುದಾರ. ಮ್ಯಾನೇಜರ್ ಇರುವುದು ಕಂಪನಿಯಿಂದ ಕಲಾವಿದನಿಗೆ ಹೆಚ್ಚು ಕೊಡಿಸಲಿಕ್ಕೆ. ಎರಡೂ ಕುರ್ಚಿಯಲ್ಲಿ ಒಬ್ಬರೇ ಕುಳಿತರೆ ಕಲಾವಿದನ ಪರ ವಾದಿಸುವವರು ಯಾರು? ಈಗಲ್ಸ್ ತಂಡದವರು ತಮ್ಮ ಹಾಡುಗಳ ಪ್ರಕಾಶನ ಹಕ್ಕಿಗಾಗಿ ಆಮೇಲೆ ಕೋರ್ಟಿಗೆ ಹೋದದ್ದು ಇದೇ ಕಾರಣಕ್ಕೆ. ಸ್ವಂತ ಬಲದಿಂದ ಮೇಲೆ ಬಂದವರ ಕಥೆ ಹೇಳುವಾಗ ಆ ಸಂಪತ್ತಿನ ಇನ್ನೊಂದು ಬದಿಯಲ್ಲಿ ಯಾರ ಪಾಲು ಕಡಿಮೆಯಾಯಿತು ಎಂದು ಕೇಳುವವರು ಕಡಿಮೆ. ನೀವು ಈ ಕ್ಷೇತ್ರಕ್ಕೆ ಬಂದರೆ ದಯವಿಟ್ಟು ಕೇಳಿ.

ಅಸೈಲಮ್ ಮಾರಿದ ಮೇಲೆ ಗೆಫೆನ್ ವಾರ್ನರ್‌ನ ಒಳಗೇ ಉಳಿದು, 1973ರಲ್ಲಿ ವಾರ್ನರ್‌ನದೇ ಇನ್ನೊಂದು ಲೇಬಲ್ ಎಲೆಕ್ಟ್ರಾ ಮತ್ತು ಅಸೈಲಮ್ ಒಂದಾದಾಗ ಅದರ ಮುಖ್ಯಸ್ಥರಾದರು. 1975ರಲ್ಲಿ ವಾರ್ನರ್ ಬ್ರದರ್ಸ್ ಚಿತ್ರಸಂಸ್ಥೆಯ ಉಪಾಧ್ಯಕ್ಷರಾಗಿ ಸಿನಿಮಾಕ್ಕೆ ಬಂದರು. ಹೊರಗಿನಿಂದ ನೋಡುವವರಿಗೆ ಬಡ್ತಿ. ಒಳಗೆ ಅದು ಸೋಲು. ಒಂದು ಚಿತ್ರಕ್ಕೆ ಒಪ್ಪಿಗೆ ಕೊಡಲು ಹಲವರ ಮುಖ ನೋಡಬೇಕು, ಮೇಲಿನವರಿಗೆ ವಿವರಣೆ ಕೊಡಬೇಕು. ಇದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ಸುಮಾರು ಒಂದು ವರ್ಷದಲ್ಲಿ ಆ ಹುದ್ದೆ ಮುಗಿಯಿತು. ಅದೇ ಹೊತ್ತಿಗೆ, 1976ರಲ್ಲಿ, ಮೂತ್ರಕೋಶದ ಕ್ಯಾನ್ಸರ್ ಇದೆ ಎಂದು ವೈದ್ಯರು ಹೇಳಿದರು. ಅವರು ವ್ಯವಹಾರದಿಂದ ದೂರ ಸರಿದು ಕೆಲಕಾಲ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಆ ರೋಗನಿರ್ಣಯ ತಪ್ಪು ಎಂದು ತಿಳಿದದ್ದು ವರ್ಷಗಳ ನಂತರ, 1980ರ ಹೊತ್ತಿಗೆ.

ಆ ವರ್ಷವೇ ಗೆಫೆನ್ ರೆಕಾರ್ಡ್ಸ್ ಶುರುವಾಯಿತು. ವಾರ್ನರ್‌ನ ಮುಖ್ಯಸ್ಥ ಸ್ಟೀವ್ ರಾಸ್ ಬಂಡವಾಳ ಹಾಕಿದರು, ಲಾಭ ಇಬ್ಬರಿಗೂ ಸಮ. ಮೊದಲು ಸಹಿ ಹಾಕಿದವರು ಗಾಯಕಿ ಡಾನಾ ಸಮ್ಮರ್. ಅದರ ಬೆನ್ನಿಗೇ ಐದು ವರ್ಷ ಹಾಡದೆ ಇದ್ದ, ಹಿಂದೆ ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನ್ನನ್ ಹಿಂತಿರುಗುತ್ತಿದ್ದಾರೆಂಬ ಸುದ್ದಿ ಬಂತು. ಎಲ್ಲ ಕಂಪನಿಗಳೂ ಮೊದಲು ಹಾಡು ಕೇಳಿಸಿ ಎನ್ನುತ್ತಿದ್ದಾಗ ಗೆಫೆನ್ ಒಂದು ಹಾಡನ್ನೂ ಕೇಳದೆ ಒಪ್ಪಂದಕ್ಕೆ ಸಿದ್ಧ ಎಂದರು, ಮಾತುಕತೆಯನ್ನು ಲೆನ್ನನ್ ಪತ್ನಿ ಯೋಕೋ ಓನೋ ಅವರೊಂದಿಗೆ ಗೌರವದಿಂದ ನಡೆಸಿದರು. ಆ ದಂಪತಿಗೆ ಅದೇ ಹಿಡಿಸಿತು. ಆಲ್ಬಂ 1980ರ ನವೆಂಬರಿನಲ್ಲಿ ಬಂತು. ಡಿಸೆಂಬರ್ 8ರಂದು ಲೆನ್ನನ್ ಗುಂಡಿಗೆ ಬಲಿಯಾದರು.

ಕಿವಿಯ ಮಾತಿಗೆ ಈಗ ಬರಬಹುದು. 1980ರ ದಶಕದ ಆರಂಭದಲ್ಲಿ ಗೆಫೆನ್ ತಮ್ಮ ಅಭಿರುಚಿ ನಂಬಿ ಹೆಸರಾಂತರನ್ನು ಸೇರಿಸಿಕೊಂಡರು: ಎಲ್ಟನ್ ಜಾನ್, ಜೋನಿ ಮಿಚೆಲ್, ನೀಲ್ ಯಂಗ್. ಹಿಂದಿನ ದಶಕದ ಹೆಸರುಗಳು ಅವು, ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ನೀಲ್ ಯಂಗ್ ಒಮ್ಮೆ ಎಲೆಕ್ಟ್ರಾನಿಕ್ ಆಲ್ಬಂ, ಮತ್ತೊಮ್ಮೆ ಐವತ್ತರ ದಶಕದ ಶೈಲಿಯ ಆಲ್ಬಂ ಕೊಟ್ಟಾಗ, ಇವು ನಿಮ್ಮ ಹಿಂದಿನ ಕೃತಿಗಳಂತೆ ಇಲ್ಲ ಎಂದು ಕಂಪನಿ 1983ರಲ್ಲಿ 33 ಲಕ್ಷ ಡಾಲರ್ ಕೇಳಿ ಅವರ ಮೇಲೆಯೇ ದಾವೆ ಹೂಡಿತು. ಕಲಾವಿದ ತನ್ನಂತೆ ತಾನಿಲ್ಲ ಎಂದು ನ್ಯಾಯಾಲಯದಲ್ಲಿ ವಾದಿಸುವುದು! ಕಲಾವಿದರ ನಡುವೆ ಕಂಪನಿಯ ಹೆಸರು ಕೆಟ್ಟಿತು. ಕೊನೆಗೆ ರಾಜಿಯಾಗಿ ಗೆಫೆನ್ ಕ್ಷಮೆ ಕೇಳಿದರು.

ಆಮೇಲೆ ಅವರು ಮಾಡಿದ್ದೇ ನನ್ನ ದೃಷ್ಟಿಯಲ್ಲಿ ಅವರ ನಿಜವಾದ ದೊಡ್ಡತನ. ತಮ್ಮ ಕಿವಿಯನ್ನು ಬದಿಗಿಟ್ಟರು. ದೈನಂದಿನ ಆಡಳಿತವನ್ನು ಎಡ್ಡಿ ರೋಸೆನ್‌ಬ್ಲಾಟ್ ಅವರಿಗೂ, ಹೊಸ ಪ್ರತಿಭೆ ಹುಡುಕುವುದನ್ನು ಜಾನ್ ಕಲೋಡ್ನರ್, ಟಾಮ್ ಜೂಟಾಟ್, ಗ್ಯಾರಿ ಗರ್ಶ್ ಅವರಿಗೂ ಬಿಟ್ಟುಕೊಟ್ಟರು. ಕಲೋಡ್ನರ್ ಏರೋಸ್ಮಿತ್ ತಂಡಕ್ಕೆ ಮರುಜೀವ ಕೊಟ್ಟರು. ಜೂಟಾಟ್ 1986ರಲ್ಲಿ ಗನ್ಸ್ ಎನ್ ರೋಸಸ್ ತಂಡವನ್ನು ಕರೆತಂದರು. ಅವರ ಮೊದಲ ಆಲ್ಬಂ 1987ರ ಜುಲೈಯಲ್ಲಿ ಬಂದು ತಿಂಗಳುಗಟ್ಟಲೆ ಮಲಗಿತ್ತು. ಜೂಟಾಟ್ ಗೋಗರೆದಾಗ ಗೆಫೆನ್ ಸಂಗೀತದ ಟಿವಿ ವಾಹಿನಿ ಎಂಟಿವಿಗೆ ತಾವೇ ಫೋನ್ ಮಾಡಿ, ನಡುರಾತ್ರಿ ಕಳೆದ ಮೇಲಾದರೂ ವೀಡಿಯೊ ಒಮ್ಮೆ ಹಾಕಿ ಎಂದು ಕೇಳಿದರು. ಹಾಕಿದರು, ಪ್ರೇಕ್ಷಕರ ಫೋನುಗಳು ಮುತ್ತಿದವು. 1988ರ ಆಗಸ್ಟಿನಲ್ಲಿ ಆಲ್ಬಂ ಮೊದಲ ಸ್ಥಾನ ಮುಟ್ಟಿತು, ಅಮೆರಿಕವೊಂದರಲ್ಲೇ 1 ಕೋಟಿ 80 ಲಕ್ಷ ಪ್ರತಿಗಳ ಮಾನ್ಯತೆ ಪಡೆಯಿತು. ಕಿವಿ ಜೂಟಾಟ್ ಅವರದು, ಫೋನ್ ಗೆಫೆನ್ ಅವರದು. ನಿಮಗೆ ವಾದ್ಯ ಬಾರದಿದ್ದರೆ ಚಿಂತೆ ಬೇಡ ಎಂದು ನಾನು ಹೇಳುವುದು ಇದಕ್ಕೇ. ಯಾರ ಕಿವಿಯನ್ನು ನಂಬಬೇಕು ಎಂಬುದು ಗೊತ್ತಿರಬೇಕು, ನಂಬಿದ ಮೇಲೆ ಕೈ ಹಾಕದೆ ಇರಲು ಬರಬೇಕು. ಎರಡನೆಯದೇ ಕಷ್ಟ.

ಸಿನಿಮಾ ಮತ್ತು ನಾಟಕದಲ್ಲಿಯೂ ಅದೇ ದಾರಿ. ಈ ಬಾರಿ ವಾರ್ನರ್‌ನ ನೌಕರರಾಗಿ ಹೋಗದೆ ತಮ್ಮದೇ ಚಿತ್ರಸಂಸ್ಥೆ ಕಟ್ಟಿ, ವಿತರಣೆಯನ್ನಷ್ಟೇ ವಾರ್ನರ್‌ಗೆ ಬಿಟ್ಟರು. ಟಾಮ್ ಕ್ರೂಸ್‌ಗೆ ಹೆಸರು ತಂದುಕೊಟ್ಟ ‘ರಿಸ್ಕಿ ಬಿಸಿನೆಸ್’ 1983ರಲ್ಲಿ ಸುಮಾರು 62 ಲಕ್ಷ ಡಾಲರಿನಲ್ಲಿ ತಯಾರಾಗಿ 6 ಕೋಟಿಗೂ ಹೆಚ್ಚು ಗಳಿಸಿತು. ನ್ಯೂಯಾರ್ಕ್‌ನ ಹೆಸರಾಂತ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ 1981ರ ‘ಡ್ರೀಮ್‌ಗರ್ಲ್ಸ್’ ಮತ್ತು 1982ರ ‘ಕ್ಯಾಟ್ಸ್’ ಸಂಗೀತ ನಾಟಕಗಳಿಗೆ ಅವರು ಸಹನಿರ್ಮಾಪಕರು. ‘ಕ್ಯಾಟ್ಸ್’ ಅಲ್ಲಿ 2000ದವರೆಗೆ 7,485 ಪ್ರದರ್ಶನ ಕಂಡಿತು. ‘ಡ್ರೀಮ್‌ಗರ್ಲ್ಸ್’ ನಾಟಕದ ಹಾಡುಗಳ ಆಲ್ಬಂ ಬಂದದ್ದು ಗೆಫೆನ್ ರೆಕಾರ್ಡ್ಸ್‌ನಿಂದ. ಇಪ್ಪತ್ತೈದು ವರ್ಷಗಳ ನಂತರ, 2006ರಲ್ಲಿ, ಅದನ್ನೇ ಸಿನಿಮಾ ಮಾಡಿದ್ದರಲ್ಲಿ ಅವರು ಕಟ್ಟಿದ ಡ್ರೀಮ್‌ವರ್ಕ್ಸ್ ಚಿತ್ರಸಂಸ್ಥೆ ಇತ್ತು. ಹಕ್ಕು ಕೈಯಲ್ಲಿದ್ದರೆ ಒಂದೇ ಕಥೆ ರಂಗದ ಮೇಲೆ, ರೆಕಾರ್ಡಿನಲ್ಲಿ, ತೆರೆಯ ಮೇಲೆ ಮೂರು ಸಲ ದುಡಿಯುತ್ತದೆ.

ಈಗ ನಿರ್ಣಾಯಕ ಒಪ್ಪಂದ. 1980ರ ದಶಕದ ನಡುವಿನಲ್ಲಿ ವಾರ್ನರ್ ತನ್ನ ವೀಡಿಯೊ ಗೇಮ್ ಕಂಪನಿ ಅಟಾರಿಯ ಭಾರಿ ನಷ್ಟದಿಂದ ತತ್ತರಿಸುತ್ತಿತ್ತು. ಗೆಫೆನ್ ರೆಕಾರ್ಡ್ಸ್ ಕೂಡ ಆಗ ಹೇಳಿಕೊಳ್ಳುವಂತೆ ಗಳಿಸುತ್ತಿರಲಿಲ್ಲ. ಒಪ್ಪಂದ ನವೀಕರಿಸುವ ಮಾತು ಬಂದಾಗ ಗೆಫೆನ್ ಹೆಚ್ಚು ಸಂಬಳವನ್ನೋ ಮುಂಗಡವನ್ನೋ ಕೇಳಲಿಲ್ಲ, ಕಂಪನಿಯ ಪೂರ್ತಿ ಒಡೆತನ ಕೇಳಿದರು. ರಾಸ್ ಒಪ್ಪಿದರು. ಬೆಲೆ ಇಲ್ಲದ ಕಾಲದಲ್ಲಿ ಕೇಳಿದ್ದರಿಂದ ಅದು ಹೆಚ್ಚು ಕಡಿಮೆ ಬಿಟ್ಟಿಯಾಗಿ ಸಿಕ್ಕಿತು. ನಂತರ ಬಂದ ಗನ್ಸ್ ಎನ್ ರೋಸಸ್, ಏರೋಸ್ಮಿತ್‌ಗಳ ಲಾಭವೆಲ್ಲ ಒಬ್ಬರೇ ಒಡೆಯರಿರುವ ಕಂಪನಿಗೆ ಬಂತು.

1990ರ ಮಾರ್ಚ್‌ನಲ್ಲಿ ಅವರು ಕಂಪನಿಯನ್ನು ಯೂನಿವರ್ಸಲ್ ಸ್ಟುಡಿಯೊದ ಒಡೆತನ ಹೊಂದಿದ್ದ ಎಂಸಿಎಗೆ ಮಾರಿದರು. ನಗದಿನ ಬದಲು ಎಂಸಿಎಯ ಸುಮಾರು 1 ಕೋಟಿ ಷೇರುಗಳಿಗೆ ಸಮನಾದ ಪಾಲು ಪಡೆದರು. ಅಂದಿನ ಬೆಲೆ ಸುಮಾರು 54 ಕೋಟಿ ಡಾಲರ್. ಈ ಸಲ ಷೇರು ಯಾಕೆ? ಷೇರಿಗೆ ಷೇರು ಬದಲಾಯಿಸಿದರೆ ತೆರಿಗೆ ಆ ಕ್ಷಣಕ್ಕೆ ಬೀಳುವುದಿಲ್ಲ ಎಂಬುದು ಒಂದು. ದೊಡ್ಡ ಕಾರಣ ಇನ್ನೊಂದು. ಜಪಾನಿನ ಸೋನಿ 1988ರಲ್ಲಿ ಸಿಬಿಎಸ್ ರೆಕಾರ್ಡ್ಸ್ ಅನ್ನು, 1989ರಲ್ಲಿ ಕೊಲಂಬಿಯಾ ಪಿಕ್ಚರ್ಸ್ ಅನ್ನು ಕೊಂಡಿತ್ತು. ಅದರ ಎದುರಾಳಿ, ಜಪಾನಿನದೇ ಆದ ಮತ್ಸುಶಿತಾ ಸುಮ್ಮನಿರುವಂತಿರಲಿಲ್ಲ, ಮಾರಾಟಕ್ಕೆ ಬರಬಹುದಾದ ಸ್ಟುಡಿಯೊಗಳಲ್ಲಿ ಎಂಸಿಎ ಮುಂದಿತ್ತು. ವರ್ಷ ಮುಗಿಯುವುದರೊಳಗೆ ಮತ್ಸುಶಿತಾ 600 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಎಂಸಿಎಯನ್ನು ಕೊಂಡಿತು. ಗೆಫೆನ್ ಷೇರುಗಳ ಬೆಲೆ ಸುಮಾರು 70 ಕೋಟಿ ಡಾಲರಿಗೆ ಏರಿತು. 1972ರಲ್ಲಿ ಷೇರು ಪಡೆದು ಸೋತವರು 1990ರಲ್ಲಿ ಷೇರು ಪಡೆದೇ ಗೆದ್ದರು, ಏಕೆಂದರೆ ಈ ಬಾರಿ ಆ ಷೇರನ್ನು ಮುಂದೆ ಯಾರು ಕೊಳ್ಳುತ್ತಾರೆ ಎಂದು ಯೋಚಿಸಿದ್ದರು. 1991ರ ಸೆಪ್ಟೆಂಬರಿನಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಇದೇ ಕಂಪನಿಯ ಡಿಜಿಸಿ ಲೇಬಲ್‌ನಿಂದ ಬಂದು ಜಗತ್ತನ್ನೇ ಅಲುಗಿಸಿತು. ಅದರ ಲಾಭ ಹೋದದ್ದು ಜಪಾನಿನ ಹೊಸ ಒಡೆಯರಿಗೆ. ಗೆಫೆನ್ ಆಗ ಒಪ್ಪಂದದ ಮೇಲೆ ಕೆಲಸ ಮಾಡುವ ಮುಖ್ಯಸ್ಥರು ಅಷ್ಟೆ.

1994ರ ಅಕ್ಟೋಬರಿನಲ್ಲಿ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಮತ್ತು ಸ್ಟುಡಿಯೊ ಆಡಳಿತದಲ್ಲಿ ಪಳಗಿದ ಜೆಫ್ರಿ ಕಾಟ್ಜೆನ್‌ಬರ್ಗ್ ಜೊತೆ ಡ್ರೀಮ್‌ವರ್ಕ್ಸ್ ಘೋಷಣೆಯಾಯಿತು. ಅದರ ಬಂಡವಾಳದ ರಚನೆಯನ್ನು ನೋಡಿ. ಮೂವರೂ ತಲಾ ಸುಮಾರು 3.3 ಕೋಟಿ ಡಾಲರ್ ಹಾಕಿದರು, ಒಟ್ಟು ಸುಮಾರು 10 ಕೋಟಿ. ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಅಲೆನ್ 50 ಕೋಟಿ ಡಾಲರ್ ಹಾಕಿ ಐದನೇ ಒಂದು ಭಾಗಕ್ಕಿಂತ ಕಡಿಮೆ ಪಾಲು ಪಡೆದರು. ದಕ್ಷಿಣ ಕೊರಿಯಾದ ಚೈಲ್ ಕಂಪನಿ 30 ಕೋಟಿ ಹಾಕಿತು. 10 ಕೋಟಿ ಹಾಕಿದ ಮೂವರ ಕೈಯಲ್ಲಿ ಉಳಿದದ್ದು ಮೂರನೇ ಎರಡು ಭಾಗ. ಹೆಸರಿಗೆ, ಹಿಂದಿನ ಸಾಧನೆಗೆ ಕಟ್ಟಿದ ಬೆಲೆ ಅದು. 1999, 2000 ಮತ್ತು 2001ರ ಚಿತ್ರಗಳಿಗೆ ಸತತ ಮೂರು ವರ್ಷ ಅತ್ಯುತ್ತಮ ಚಿತ್ರದ ಆಸ್ಕರ್ ಬಂದರೂ ಸಂಸ್ಥೆಯ ಹಣಕಾಸು ಬಿಗಿಯಾಗಿಯೇ ಇತ್ತು. ಸಂಗೀತ ವಿಭಾಗವನ್ನು 2003ರಲ್ಲಿ ಮಾರಿದರು, ಅನಿಮೇಷನ್ ವಿಭಾಗವನ್ನು 2004ರಲ್ಲಿ ಬೇರ್ಪಡಿಸಿ ಷೇರುಪೇಟೆಗೆ ತಂದರು. 2005ರಲ್ಲಿ ಯೂನಿವರ್ಸಲ್ ಜೊತೆಗಿನ ಮಾತುಕತೆ ಮುರಿದುಬಿದ್ದಾಗ ಗೆಫೆನ್ ಪ್ಯಾರಮೌಂಟ್ ಸ್ಟುಡಿಯೊ ಕಡೆ ತಿರುಗಿ, ಸುಮಾರು 160 ಕೋಟಿ ಡಾಲರಿಗೆ ಮಾರಾಟ ಕುದುರಿಸಿದರು. ಕೊಂಡವರು ಮರುವರ್ಷವೇ ಅದರ 59 ಹಳೆಯ ಚಿತ್ರಗಳ ಸಂಗ್ರಹವನ್ನು 90 ಕೋಟಿ ಡಾಲರಿಗೆ ಹೂಡಿಕೆದಾರರಿಗೆ ಕೊಟ್ಟರು. ತಯಾರಾಗಿ ಮುಗಿದ ಚಿತ್ರಗಳ ಹಕ್ಕೇ ಇಡೀ ಸ್ಟುಡಿಯೊದ ಬೆಲೆಯ ಅರ್ಧಕ್ಕಿಂತ ಹೆಚ್ಚು ಎಂದಾಯಿತು.

2008ರಲ್ಲಿ ಗೆಫೆನ್ ಡ್ರೀಮ್‌ವರ್ಕ್ಸ್‌ನಿಂದ ಹೊರಬಂದರು. ಆಮೇಲಿನದು ದಾನಧರ್ಮದ, ಕಲಾಸಂಗ್ರಹದ ಕಥೆ. ಯೇಲ್‌ನ ನಾಟಕ ಶಾಲೆಗೆ 2021ರಲ್ಲಿ ಕೊಟ್ಟ 15 ಕೋಟಿ ಡಾಲರಿನಿಂದ ಅಲ್ಲಿ ವಿದ್ಯಾರ್ಥಿಗಳು ಬೋಧನಾ ಶುಲ್ಕವಿಲ್ಲದೆ ಓದುವಂತಾಗಿದೆ ಎಂಬುದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸುದ್ದಿ.

ನಿಮ್ಮ ಎರಡು ಅವಕಾಶಗಳಿಗೆ ಬರೋಣ. ಒಪ್ಪಂದ ವಿಭಾಗದ ಗುಮಾಸ್ತನ ಕೆಲಸವನ್ನು ತೆಗೆದುಕೊಳ್ಳಿ. ಗೆಫೆನ್ ಕದ್ದು ಓದಿದ್ದನ್ನು ನೀವು ಸಂಬಳ ಪಡೆದು, ಹಕ್ಕಿನಿಂದ ಓದಬಹುದು. ಒಂದೆರಡು ವರ್ಷ ಓದಿ. ಪ್ರತಿ ಒಪ್ಪಂದದಲ್ಲೂ ಮಾಸ್ಟರ್ ಯಾರ ಹೆಸರಿನಲ್ಲಿದೆ, ಎಷ್ಟು ವರ್ಷಕ್ಕೆ, ಮುಂಗಡ ವಸೂಲಾಗುವವರೆಗೆ ಕಲಾವಿದನಿಗೆ ಏನು ಸಿಗುತ್ತದೆ, ಪ್ರಕಾಶನ ಹಕ್ಕು ಎತ್ತ ಹೋಗಿದೆ, ಲೆಕ್ಕ ತಪಾಸಣೆಯ ಅವಕಾಶ ಇದೆಯೇ, ಹೀಗೆ ನೋಡುತ್ತ ಹೋಗಿ. ಕಂಪನಿಯ ಗುಟ್ಟು ಹೊರಗೆ ಒಯ್ಯಬೇಡಿ. ತಲೆಯೊಳಗೆ ಉಳಿಯುವ ತಿಳಿವಳಿಕೆಯೇ ಸಾಕು. ಆ ಅವಧಿಯಲ್ಲಿ ನಿಮ್ಮದೇ ವಯಸ್ಸಿನ ಗಾಯಕರು, ಸಂಯೋಜಕರು, ಸಂಕಲನಕಾರರ ಪರಿಚಯ ಮಾಡಿಕೊಳ್ಳಿ. ಈಗಾಗಲೇ ಗೆದ್ದವರ ಹಿಂದೆ ಅಲೆಯುವುದರಿಂದ ಪ್ರಯೋಜನವಿಲ್ಲ.

ಗೆಳೆಯನಿಗೆ ಇಲ್ಲವೆನ್ನಬೇಕಾಗಿಲ್ಲ. ಆ ಲೇಬಲ್‌ನಲ್ಲಿ ಪೂರ್ತಿ ಹೊತ್ತಿನ ದುಡಿಮೆಯ ಬದಲು ಸಣ್ಣದಾದರೂ ಬರಹದಲ್ಲಿರುವ ಪಾಲು ಸಿಗುವುದಾದರೆ, ಮತ್ತು ನಿಮ್ಮ ಕೆಲಸದ ನಿಯಮಗಳು ಅದಕ್ಕೆ ಅನುಮತಿಸುವುದಾದರೆ, ಮಾತುಕತೆ ಮುಂದುವರಿಸಿ. ಪಾಲು ಎಂದರೆ ಲಾಭದಲ್ಲೋ ಒಡೆತನದಲ್ಲೋ ಎಂದು ಮೊದಲೇ ಕೇಳಿ. ಲಾಭದ ಪಾಲು ಕಂಪನಿ ಮಾರಾಟವಾದ ದಿನ ಕೈಗೆ ಏನನ್ನೂ ತರದೆ ಹೋಗಬಹುದು. ಧ್ವನಿಮುದ್ರಣಗಳು ಕಂಪನಿಯ ಹೆಸರಿನಲ್ಲಿವೆಯೋ ಗೆಳೆಯನ ಹೆಸರಿನಲ್ಲಿವೆಯೋ, ಒಬ್ಬರು ಬಿಟ್ಟುಹೋದರೆ ಅವರ ಪಾಲಿಗೆ ಬೆಲೆ ಕಟ್ಟುವವರು ಯಾರು, ಹೊಸ ಬಂಡವಾಳ ಬಂದಾಗ ನಿಮ್ಮ ಪಾಲು ಎಷ್ಟಕ್ಕೆ ಇಳಿಯುತ್ತದೆ, ಇವೂ ಬರಹದಲ್ಲಿರಲಿ. ಕಲಾವಿದರ ಪರವಾಗಿ ಒಪ್ಪಂದ ಓದಲು ನಿಮ್ಮಿಬ್ಬರಿಗೂ ಸಂಬಂಧವಿಲ್ಲದ ವಕೀಲರೊಬ್ಬರು ಇರಬೇಕೆಂಬ ಷರತ್ತನ್ನೂ ಸೇರಿಸಿ. ಗೆಳೆಯ ಒಪ್ಪಿ ಕರಡು ಕೊಟ್ಟರೆ ಅದರ ಪಾಲುದಾರಿಕೆಯ ಪುಟವನ್ನು, ಹೆಸರುಗಳನ್ನು ಅಳಿಸಿ, ನನಗೆ ಕಳುಹಿಸಿ. ಎಲ್ಲಿ ತೂತಿದೆ ಎಂದು ಗುರುತು ಹಾಕಿ ಕೊಡುತ್ತೇನೆ.